ಯಾರ ಸಂಶಯಕ್ಕೆ ಯಾರ ತಟ್ಟೆ

ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆ ಯಾವುದೇ ಇರಲಿ, ಶುರುವಾಗುವ ಮೊದಲು ಒಂದು ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಸಮಿತಿಯಲ್ಲಿ 7ರಿಂದ 15 ಜನ. ವೈದ್ಯರು, ಕಾನೂನು ಬಲ್ಲವರು, ಜನಸಾಮಾನ್ಯರ ಪರವಾಗಿ ಒಬ್ಬರು, ಆಮೇಲೆ ಸಮಾಜವಿಜ್ಞಾನಿ ಅಥವಾ ತತ್ತ್ವಶಾಸ್ತ್ರಜ್ಞ ಅಥವಾ ನೀತಿಶಾಸ್ತ್ರಜ್ಞ ಅಥವಾ ಧರ್ಮಶಾಸ್ತ್ರ ತಿಳಿದವರು. ಈ ಕೊನೆಯ ನಾಲ್ವರಿಗೂ ಸೇರಿ ಒಂದೇ ಕುರ್ಚಿ. ಡಿಗ್ರಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನ್ನನ್ನು ನಮ್ಮ ಕಡೆಯ ಒಂದು ವೈದ್ಯಕೀಯ ಕಾಲೇಜಿನವರು ಕರೆದು ಅದರಲ್ಲಿ ಕೂರಿಸಿದರು. ನಾಲ್ಕರಲ್ಲಿ ನಾನು ಯಾವುದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಮುಂದೆ ಬರುವುದೆಲ್ಲ ಹೊಸ ಔಷಧದ ಮಹಾಪ್ರಯೋಗಗಳೇನಲ್ಲ. ಎಂ.ಡಿ. ವಿದ್ಯಾರ್ಥಿಗಳ ಪ್ರಬಂಧಗಳೇ ಹೆಚ್ಚು. ಅಂಗನವಾಡಿ ಮಕ್ಕಳ ರಕ್ತಹೀನತೆ, ಆಶಾ ಕಾರ್ಯಕರ್ತೆಯರ ಬೆನ್ನುನೋವು, ಪಿಂಚಣಿಗಾಗಿ ಅಲೆಯುವ ವಿಧವೆಯರ ರಕ್ತದೊತ್ತಡ, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರ ನಿದ್ದೆ. ಹೆಚ್ಚಿನವು ನಿರಪಾಯ. ಒಪ್ಪಿಗೆ ಪತ್ರದ ಕನ್ನಡ ತಿದ್ದಿ, ಹೆಬ್ಬೆಟ್ಟು ಒತ್ತುವವರಿಗೆ ಸಾಕ್ಷಿಯ ಸಹಿ ಎಲ್ಲಿ ಎಂದು ಕೇಳಿ, ಕೂಲಿ ಬಿಟ್ಟು ಬಂದವರಿಗೆ ಬಸ್ ಚಾರ್ಜಾದರೂ ಕೊಡಿ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ.

ಒಂದು ಕಡತ ಮಾತ್ರ ಹಾಗೆ ಮುಂದಕ್ಕೆ ಹೋಗಲಿಲ್ಲ. ಹೆಣ್ಣುಮಕ್ಕಳ ಹತ್ತು ಹಾಸ್ಟೆಲು. ಐದರಲ್ಲಿ ದಿನಾ ಸಂಜೆ ಶೇಂಗಾ ಬೆಲ್ಲದ ಚಿಕ್ಕಿ, ಐದರಲ್ಲಿ ಏನೂ ಇಲ್ಲ. ಯಾವ ಐದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದೆ. ಆರು ತಿಂಗಳಲ್ಲಿ ಮೂರು ಸಲ ಎಲ್ಲರ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುವುದು. ಪ್ರಸ್ತಾವನೆ ಮಂಡಿಸಿದ ಹುಡುಗಿ ಚುರುಕು, ಲೆಕ್ಕ ಅಚ್ಚುಕಟ್ಟು. ನಮ್ಮ ಸಮಿತಿಯಲ್ಲಿ ಜನಸಾಮಾನ್ಯರ ಕುರ್ಚಿಯಲ್ಲಿರುವವರು ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಸಾಮಾನ್ಯವಾಗಿ ಕಡೆಯಲ್ಲಿ ಮಾತಾಡುತ್ತಾರೆ. ಅವತ್ತು ಮೊದಲೇ ಬಾಯಿ ಬಿಟ್ಟರು. "ಅಲ್ಲಮ್ಮಾ, ಚಿಕ್ಕಿ ಕೊಡದಿರೋ ಹಾಸ್ಟೆಲ್ಲಿಗೆ ಸೂಜಿ ಹಿಡ್ಕೊಂಡು ಮೂರನೇ ಸಲ ಹೋಗ್ತೀಯಲ್ಲ, ಅವತ್ತು ಆ ಹುಡುಗೀರು ನಮಗ್ಯಾಕೆ ಇಲ್ಲ ಅಂತ ಕೇಳಿದ್ರೆ ಏನಂತೀಯ?"

ಹುಡುಗಿ ತಬ್ಬಿಬ್ಬಾದಳು. ಮಕ್ಕಳ ತಜ್ಞರು ಅವಳ ನೆರವಿಗೆ ಬಂದರು. ಆ ವಯಸ್ಸಿನವರು ಚಿಕ್ಕಿ ತಿಂದರೂ ಬೆಳೆಯುತ್ತಾರೆ, ತಿನ್ನದಿದ್ದರೂ ಬೆಳೆಯುತ್ತಾರೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಚಿಕ್ಕಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಹೇಳುವುದು ಹೇಗೆ ಎಂದರು. ಅದೂ ನಿಜವೇ. ಇಬ್ಬರ ಮಾತೂ ನಿಜವಾದಾಗ ನನ್ನ ಕುರ್ಚಿಗೆ ಕೆಲಸ ಬರುತ್ತದೆ.

ಗೌತಮನ ನ್ಯಾಯಸೂತ್ರ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ಮೂರನೆಯದು ಸಂಶಯ, ನಾಲ್ಕನೆಯದು ಪ್ರಯೋಜನ, ನಿರ್ಣಯದ ಸರದಿ ಒಂಬತ್ತನೆಯದು. ವಾತ್ಸ್ಯಾಯನನ ಭಾಷ್ಯದ ಪ್ರಕಾರ, ಏನೇನೂ ಗೊತ್ತಿಲ್ಲದ ವಿಷಯದಲ್ಲೂ ವಿಚಾರಣೆ ಹುಟ್ಟುವುದಿಲ್ಲ, ತೀರ್ಮಾನವಾಗಿಹೋದ ವಿಷಯದಲ್ಲೂ ಹುಟ್ಟುವುದಿಲ್ಲ. ಸಂಶಯ ಇರುವ ಕಡೆ ಮಾತ್ರ ಹುಟ್ಟುತ್ತದೆ. ಇವತ್ತಿನ ಸಂಶೋಧನಾ ನೀತಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬ ಬಗ್ಗೆ ನಿಜವಾದ ಅನಿಶ್ಚಯ ಇದ್ದಾಗ ಮಾತ್ರ ಚೀಟಿ ಎತ್ತಿ ಜನರನ್ನು ಎರಡು ಪಾಲು ಮಾಡಬಹುದು. ಇಲ್ಲದಿದ್ದರೆ ಗೊತ್ತಿದ್ದೂ ಒಂದು ಪಾಲಿಗೆ ಅನ್ಯಾಯ ಮಾಡಿದ ಹಾಗೆ.

ಹಾಗಾದರೆ ಸಂಶಯಕ್ಕೆ ಕೊನೆ ಎಲ್ಲಿ? ಯಾವುದನ್ನು ಬೇಕಾದರೂ ಸಂಶಯಿಸಬಹುದಲ್ಲ? ಮಿಥಿಲೆಯ ನೈಯಾಯಿಕ ಉದಯನ ಇದಕ್ಕೆ ಕೊಟ್ಟ ಉತ್ತರವನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಅದರ ಬಿಸಿ ತಟ್ಟಿದ್ದು ಮಾತ್ರ ಈ ಸಮಿತಿಗೆ ಬಂದ ಮೇಲೆ. ನಮ್ಮ ನಡತೆಯೇ ನಮ್ಮ ಸಂಶಯಕ್ಕೆ ವಿರುದ್ಧವಾಗಿ ನಿಂತಾಗ ಆ ಸಂಶಯ ಮುಗಿಯಿತು ಎನ್ನುತ್ತಾನೆ ಅವನು. ಅದಕ್ಕೆ ವ್ಯಾಘಾತ ಎಂದು ಹೆಸರು. ಮುಂದೆ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಉದಾಹರಣೆ ಕೊಡುತ್ತಾನೆ. ಹೊಗೆ ಬೇಕೆಂದು ಬೆಂಕಿಯನ್ನು, ಹಸಿವು ಹಿಂಗಲೆಂದು ಊಟವನ್ನು, ಇನ್ನೊಬ್ಬನಿಗೆ ತಿಳಿಯಲೆಂದು ಮಾತನ್ನು ಅಳುಕಿಲ್ಲದೆ ಹುಡುಕಿ ಹೋಗುವವನು ಇವುಗಳ ಕಾರ್ಯಕಾರಣ ಸಂಬಂಧವನ್ನೇ ಸಂಶಯಿಸುತ್ತೇನೆ ಎಂದರೆ ನಂಬುವುದು ಹೇಗೆ? ತರ್ಕ ಬರೆಯಲು ಕೂತ ನೈಯಾಯಿಕನಿಗೂ ಸಂಶಯದ ಗಡಿ ತೋರಿಸಲು ಅನ್ನವೇ ಕೈಗೆ ಸಿಕ್ಕಿತು. ಮಧ್ಯಾಹ್ನ ಒಂದೂವರೆಗೆ ಸಭೆ ನಿಲ್ಲಿಸಿ ಊಟಕ್ಕೆ ಎದ್ದು, ಎರಡೂವರೆಗೆ ಬಂದು ಕೂತು, ಹಾಸ್ಟೆಲ್ ಹುಡುಗಿಯರಿಗೆ ತಿಂಡಿಯಿಂದ ಪ್ರಯೋಜನ ಉಂಟೇ ಎಂದು ಚರ್ಚಿಸುವ ನಮ್ಮಂಥವರ ವಿಷಯದಲ್ಲಿ ಗಂಗೇಶನಿಗೆ ಹೆಚ್ಚು ಶ್ರಮವೇ ಬೇಕಿರಲಿಲ್ಲ.

ಆದರೆ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಜಾರ್ಖಂಡಿನಲ್ಲಿ 2019ರಿಂದ 2022ರವರೆಗೆ ನಡೆದ ರೇಷನ್ಸ್ ಎಂಬ ಅಧ್ಯಯನ ನನ್ನನ್ನು ಬಿಡದೆ ಕಾಡಿದೆ. ಮುಂದಾಳುಗಳು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಕ್ಷಯ ತಗುಲಿದ 2,800 ಜನ, ಅವರ ಮನೆಗಳಲ್ಲಿ ಜೊತೆಗಿದ್ದ 10,345 ಜನ. ರೋಗಿಗಳಿಗೆಲ್ಲ, ಎರಡೂ ಪಾಲಿನವರಿಗೆ, ತಿಂಗಳಿಗೆ ಸುಮಾರು ಹತ್ತು ಕಿಲೋ ಆಹಾರದ ಬುಟ್ಟಿ: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಮನೆಯವರ ವಿಷಯದಲ್ಲಿ ಮಾತ್ರ ಚೀಟಿ. 28 ಕ್ಷಯ ಘಟಕಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮನೆಯ ದೊಡ್ಡವರಿಗೆ ತಲಾ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಚಿಕ್ಕ ಮಕ್ಕಳಿಗೆ ಅದರ ಅರ್ಧ, ಜೊತೆಗೆ ವಿಟಮಿನ್ ಮಾತ್ರೆ. ಇನ್ನೊಂದು ಪಾಲಿನ ಮನೆಯವರಿಗೆ ಇಲ್ಲ.

ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆಹಾರ ಸಿಕ್ಕ ಮನೆಗಳ 5,621 ಜನರಲ್ಲಿ 96 ಮಂದಿಗೆ ಕ್ಷಯ ಬಂದಿತ್ತು, ಸಿಗದ ಮನೆಗಳ 4,724 ಜನರಲ್ಲಿ 122 ಮಂದಿಗೆ. ಲೆಕ್ಕ ಹಾಕಿದರೆ ಹೊಸ ರೋಗ ಶೇಕಡಾ 39ರಷ್ಟು ಕಡಿಮೆ. ಹೊಸ ಔಷಧ, ಲಸಿಕೆ, ಯಂತ್ರ ಯಾವುದೂ ಅಲ್ಲ. ಅಕ್ಕಿ ಮತ್ತು ಬೇಳೆ. ಜಗತ್ತಿನ ಕ್ಷಯ ತಜ್ಞರು ಎದ್ದು ಕೂತರು.

ಈ 122ರ ಬಗ್ಗೆ ಏನು ಹೇಳೋಣ? ಅವರಲ್ಲಿ ಕೆಲವರು ಬೇಳೆ ಸಿಕ್ಕಿದ್ದರೆ ರೋಗಕ್ಕೆ ಬೀಳುತ್ತಿರಲಿಲ್ಲ. ಯಾರು ಆ ಕೆಲವರು ಎಂದು ಯಾವ ಸಂಖ್ಯಾಶಾಸ್ತ್ರವೂ ಹೇಳಲಾರದು. ಅವರಿಗೆ ಅನ್ಯಾಯವಾಯಿತೆ? ಇಲ್ಲ ಎನ್ನುವವರ ವಾದ ಗಟ್ಟಿಯಾಗಿದೆ. ಅಧ್ಯಯನ ಅಲ್ಲಿಗೆ ಹೋಗದಿದ್ದರೆ ಎರಡೂ ಪಾಲಿನವರಿಗೆ ಈ ಆಹಾರ ಸಿಗುತ್ತಿರಲಿಲ್ಲ. ಆಹಾರ ಕ್ಷಯವನ್ನು ತಡೆಯುತ್ತದೆಯೇ, ಎಷ್ಟರ ಮಟ್ಟಿಗೆ, ಎಂಬುದು ನಿಜವಾಗಿಯೂ ತೀರ್ಮಾನವಾಗದ ಪ್ರಶ್ನೆಯಾಗಿತ್ತು. ಆ ಸಂಶಯ ಸಾಚಾ. ಆದರೆ ಹಸಿದ ಮನೆಗೆ ಬೇಳೆ ಒಳ್ಳೆಯದೇ ಎಂಬುದು ಸಂಶಯವೇ ಅಲ್ಲ. ಅದೇ ಒಂದೂವರೆ ಕಿಲೋ ಬೇಳೆ. ಔಷಧ ಎಂದು ಹಿಡಿದರೆ ಚೀಟಿ ಎತ್ತಬಹುದು, ಅನ್ನ ಎಂದು ಹಿಡಿದರೆ ಎತ್ತುವಂತಿಲ್ಲ. ಯಾವುದೆಂದು ಹಿಡಿಯುವ ಅಧಿಕಾರ ಬೇಳೆ ಬೇಯಿಸುವವಳ ಕೈಯಲ್ಲಿ ಇಲ್ಲ.

ನನಗೆ ಅನ್ನಿಸುವುದು ಇಷ್ಟು. ಸಂಶಯ ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾರ ಸಂಶಯ ಎಂದು ಕೇಳಬೇಕು. ಜಾರ್ಖಂಡಿನ ತಾಯಿಗೆ ಆ ಸಂಶಯ ಇರಲಿಲ್ಲ. ವೈದ್ಯರಿಗೂ ಬಹಳ ಇದ್ದಿರಲಾರದು. ತಮಗೆ ಗೊತ್ತಿದ್ದದ್ದನ್ನು ಇನ್ನೊಬ್ಬರು ನಂಬುವ ಹಾಗೆ ತೋರಿಸಬೇಕಿತ್ತು ಅವರಿಗೆ. ಆ ಇನ್ನೊಬ್ಬರು ಎಲ್ಲಿದ್ದರು? ಹಣ ಮಂಜೂರು ಮಾಡುವ ಕಡೆ. ಹಾಗಾಗಿ ಇಂಥ ಪ್ರಯೋಗ ಅರ್ಧ ವಿಜ್ಞಾನ, ಅರ್ಧ ಅರ್ಜಿ. ಅರ್ಜಿ ಫಲ ಕೊಟ್ಟಿಲ್ಲ ಎಂದೂ ಹೇಳಲಾರೆ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ಸಿಗುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಯಿತು. ರೋಗಿಗಳಿಗೆ ದಾನಿಗಳು ಕೊಡುತ್ತಿದ್ದ ಆಹಾರದ ಬುಟ್ಟಿ ಮನೆಯವರಿಗೂ ಸಿಗಲಿ ಎಂದು ಸರ್ಕಾರದ ಯೋಜನೆ ವಿಸ್ತರಿಸಿತು. ಕಲ್ಲು ಹೃದಯದ ಕಡತವನ್ನು ಕರಗಿಸಲು ಅಂಕಿ ಬೇಕಾಗುತ್ತದೆ ಎಂಬುದು ಸಂಶೋಧಕರ ಪಾಪವಲ್ಲ. ಆದರೆ ಕಡತದ ಸಂಶಯಕ್ಕೆ ದಂಡ ಕಟ್ಟಿದವರು ಕಡತದವರಲ್ಲ ಎಂಬುದನ್ನು ಒಪ್ಪಿಗೆ ಕೊಡುವ ನಾವಾದರೂ ಬರೆದಿಡಬೇಕು.

ಇದಕ್ಕಿಂತ ಬೇರೆ ಬಗೆಯ ಸಂಶೋಧನೆಯೂ ಉಂಟು, ಅದರ ಉದಾಹರಣೆ ನಮ್ಮ ತುಮಕೂರಿನದೇ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರನ್ನು ಹುಡುಕಿ ಹಿಡಿದು ತರಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನೇ ಮಾತಾಡಿಸಿದರು. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು. 1963ರಲ್ಲಿ ಅಚ್ಚಾದ ಈ ಅಧ್ಯಯನ ಯಾರ ಪಾಲನ್ನೂ ತಡೆಹಿಡಿಯಲಿಲ್ಲ. ಅಜ್ಞಾನ ಕೌಂಟರಿನ ಯಾವ ಬದಿಗೆ ಇದೆ ಎಂದು ತೋರಿಸಿಕೊಟ್ಟಿತು, ಅಷ್ಟೆ. ಕ್ಷಯ ಚಿಕಿತ್ಸೆ ಪ್ರತ್ಯೇಕ ಆಸ್ಪತ್ರೆಗಳಿಗೆ ಸೀಮಿತವಾಗದೆ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಸಿಗಬೇಕು ಎಂಬ ರಾಷ್ಟ್ರೀಯ ಕಾರ್ಯಕ್ರಮದ ನಿಲುವಿಗೆ ಇದು ಬುನಾದಿಯಾಯಿತು. ವಿದ್ಯಾರ್ಥಿಗಳಿಗೆ ನಾನು ಮತ್ತೆ ಮತ್ತೆ ಹೇಳುವ ಅಧ್ಯಯನ ಇದು.

ಇಷ್ಟು ಹೇಳಿದರೆ ಕೆಲವು ಹಿರಿಯರು ಕೇಳುತ್ತಾರೆ: ಇದೆಲ್ಲ ಯಾಕಪ್ಪಾ, ನಮ್ಮಲ್ಲಿ ದಾಸೋಹ ಇಲ್ಲವೇ, ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ಪಂಕ್ತಿಗೆ ಕೂತವನ ತೂಕ ಯಾರಾದರೂ ನೋಡುತ್ತಾರೆಯೇ? ನೋಡುವುದಿಲ್ಲ, ಅದು ದೊಡ್ಡದು. ಉಣ್ಣುವವನು ತನ್ನ ಹಸಿವಿಗೆ ಸಾಕ್ಷಿ ಕೊಡಬೇಕಾಗಿಲ್ಲ ಎಂಬುದು ನಮ್ಮ ಧರ್ಮ ಕಂಡುಕೊಂಡ ಅತಿ ಮಾನವೀಯ ವಿಚಾರಗಳಲ್ಲಿ ಒಂದು. ಆದರೆ ದಾಸೋಹಕ್ಕೆ ಪಂಕ್ತಿಗೆ ಬಾರದವನ ಲೆಕ್ಕ ಗೊತ್ತಿಲ್ಲ. ಮಠದವರೆಗೆ ನಡೆಯಲಾರದ ಮುದುಕಿ, ಆ ಪಂಕ್ತಿಯಲ್ಲಿ ತನಗೆ ಜಾಗ ಉಂಟೋ ಇಲ್ಲವೋ ಎಂದು ಅಳುಕುವವನು, ಇವರ ಮನೆಗೆ ತಕ್ಕಡಿ ಹಿಡಿದು ಹೋಗುವುದು ನೀರಸ ಎನಿಸುವ ಸಮೀಕ್ಷೆಯೇ. ಕೊಡುವವನ ತೃಪ್ತಿಯನ್ನೇ ಅಳತೆಗೋಲು ಮಾಡಿಕೊಂಡ ದಾನವನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅಳತೆ ಎಲ್ಲವನ್ನೂ ತೀರಿಸುತ್ತದೆ ಎಂದೂ ಅಲ್ಲ. ಮೊಟ್ಟೆಯ ಪ್ರಕರಣ ನೋಡಿ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಯಾದಗಿರಿ, ರಾಯಚೂರು, ಬೀದರ್ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ಬೇಡ ಎಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗಿನ ಮಕ್ಕಳನ್ನೂ ತೂಗಿ ಅಳೆದ ಅಧ್ಯಯನ ನಡೆಯಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ಹೆಣ್ಣುಮಕ್ಕಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಒಳ್ಳೆಯದೇ. ಆದರೆ ವಿರೋಧಿಸಿದ ಸ್ವಾಮಿಗಳಿಗೆ ಮೊಟ್ಟೆಯ ಪ್ರೋಟೀನಿನ ಬಗ್ಗೆ ಸಂಶಯ ಇರಲಿಲ್ಲವಲ್ಲ! ಅವರ ತಕರಾರು ಪ್ರಾಣಿಹಿಂಸೆಯದು, ಶಾಲೆಯ ಪಂಕ್ತಿಯಲ್ಲಿ ಭೇದ ಬರುತ್ತದೆ ಎಂಬುದು. ಅದಕ್ಕೆ ಉತ್ತರವನ್ನು ಧರ್ಮದ ಒಳಗಿಂದಲೇ ಕೊಡಬೇಕಿತ್ತು: ಮನೆಯಲ್ಲಿ ಮೊಟ್ಟೆ ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ಎತ್ತಿಟ್ಟರೆ ಭೇದ ಹೋಗುತ್ತದೆಯೇ, ಒಬ್ಬರ ವ್ರತವನ್ನು ಇನ್ನೊಬ್ಬರ ಹಸಿವು ಪಾಲಿಸಬೇಕೆ? ಆ ಚರ್ಚೆಯ ಬದಲು ತೂಕದ ಯಂತ್ರ ತಂದಿಟ್ಟೆವು. ಯಾರಿಗೂ ಇಲ್ಲದ ಸಂಶಯಕ್ಕೆ ಉತ್ತರ ಸಿಕ್ಕಿತು, ಇದ್ದ ಸಂಶಯ ಇದ್ದಲ್ಲೇ ಉಳಿಯಿತು.

ಚಿಕ್ಕಿಯ ಕಡತಕ್ಕೆ ನಾವು ಒಪ್ಪಿಗೆ ಕೊಟ್ಟೆವು, ಷರತ್ತು ಹಾಕಿ. ಉಳಿದ ಐದು ಹಾಸ್ಟೆಲುಗಳಿಗೆ ಆರು ತಿಂಗಳಾದ ಮೇಲೆ ಅಷ್ಟೇ ಚಿಕ್ಕಿ, ಅಷ್ಟೇ ದಿನ. ಮೊದಲ ಪರೀಕ್ಷೆಯಲ್ಲೇ ರಕ್ತ ತೀರಾ ಕಡಿಮೆ ಇದೆ ಎಂದು ಕಂಡವರಿಗೆ, ಯಾವ ಗುಂಪಿನವರಾದರೂ, ಕೂಡಲೇ ಚಿಕಿತ್ಸೆ. ಖರ್ಚು ಇಮ್ಮಡಿಯಾಯಿತು ಎಂದು ಹುಡುಗಿ ಗೊಣಗಿದಳು, ಆದರೂ ಮಾಡಿದಳು. ಕಾಯಿಸಿದವರಿಗೆ ಕೊನೆಗೆ ಕೊಡುವ ಈ ಪದ್ಧತಿ ಸಂಶೋಧಕರಿಗೆ ಹೊಸದೇನಲ್ಲ. ಆದರೆ ಕಾದವರಿಗೇ ಅದು ಸಿಗುತ್ತದೆಯೇ ಎಂದು ನಾನು ಪ್ರತಿ ಸಲ ಪಟ್ಟು ಹಿಡಿದು ಕೇಳುತ್ತೇನೆ. ಅದಕ್ಕೆ ಕಾರಣ ಗದಗು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ವಿಸ್ತರಿಸಿ ಗದಗಿಗೂ ಬಂತು, ಆದರೆ ಒಂದರಿಂದ ಎಂಟನೇ ತರಗತಿಗೆ ಮಾತ್ರ. ಹಿಂದಿನ ವರ್ಷ ಎಂಟರಲ್ಲಿದ್ದ ಗದಗಿನ ಹುಡುಗಿಯರು ಆಗಲೇ ಒಂಬತ್ತಕ್ಕೆ ಹೋಗಿದ್ದರು. ಒಂಬತ್ತು, ಹತ್ತನೇ ತರಗತಿಗೆ ಮೊಟ್ಟೆ ಸಿಗಲು 2023ರ ಆಗಸ್ಟ್ ಬರಬೇಕಾಯಿತು. ಅಷ್ಟು ಹೊತ್ತಿಗೆ ಅವರು ಎಸ್ಸೆಸ್ಸೆಲ್ಸಿ.