ಪರದೇಶದ ವಿದ್ಯೆ: ಹೊಂದಿಕೆಯೂ ಅಧೀನತೆಯೂ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೋದವನು ಮನೆಗೆ ತಿಳಿಸುವ ಮೊದಲ ಸಮಾಚಾರವು ಆ ದೇಶದ ವರ್ಣನೆಯೆಂದು ಎಲ್ಲರೂ ಎಣಿಸುತ್ತಾರೆ. ವಿಚಾರಿಸಿ ನೋಡಿದರೆ ಅದು ಬಹುಮಟ್ಟಿಗೆ ಅವನ ಊರಿನ ವರ್ಣನೆಯೇ ಆಗಿರುತ್ತದೆ. ಅಲ್ಲಿ ಯಾವುದು ವಿಚಿತ್ರವೆಂದು ತೋರಿತೋ ಅದಕ್ಕೆ ವಿರುದ್ಧವಾದುದು ಇಲ್ಲಿ ಸಹಜವಾಗಿತ್ತೆಂಬುದಷ್ಟೇ ಅದರ ತಾತ್ಪರ್ಯ. ಆದುದರಿಂದ ಮೊದಲ ನೋಟವನ್ನು ಪರರ ಮೇಲಿನ ತೀರ್ಪೆಂದು ತಿಳಿಯದೆ, ತನ್ನನ್ನು ತಾನು ಅಳೆದುಕೊಳ್ಳುವ ಕೋಲೆಂದು ತಿಳಿಯುವುದು ಯುಕ್ತ. ಆ ನೋಟದ ಬೆನ್ನಿಗೇ ಒಂದು ಧರ್ಮಪ್ರಶ್ನೆಯೂ ಬರುತ್ತದೆ: ಪರನಾಡಿನ ರೀತಿಗೆ ಮನುಷ್ಯನು ಎಷ್ಟರಮಟ್ಟಿಗೆ ಹೊಂದಿಕೊಳ್ಳಬೇಕು? ಎಲ್ಲಿ ನಿಲ್ಲಬೇಕು?

ಹುಣಸಗಿಯ ತರುಣನೊಬ್ಬನು ಜರ್ಮನಿಯ ವಿಶ್ವವಿದ್ಯಾಲಯವನ್ನು ಸೇರಿದನೆಂದು ಇಟ್ಟುಕೊಳ್ಳಬಹುದು. ಅಲ್ಲಿಯ ಚಳಿಗಾಲದ ಪಾಠಗಳು ಅಕ್ಟೋಬರಿನಲ್ಲಿ ಮೊದಲಾಗುತ್ತವೆ. ಡಿಸೆಂಬರ್ ಬರುವಷ್ಟರಲ್ಲಿ ಬರ್ಲಿನ್ನಿನಲ್ಲಿ ಸಂಜೆ 4 ಗಂಟೆಗೇ ಸೂರ್ಯನು ಮುಳುಗಿರುತ್ತಾನೆ. ರವಿವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ರಾತ್ರಿ 10ರ ಮೇಲೆ ಗದ್ದಲ ಕೂಡದು. ಗಾಜು, ಕಾಗದ, ತರಕಾರಿ ಸಿಪ್ಪೆ ಒಂದೊಂದನ್ನು ಒಂದೊಂದು ಡಬ್ಬಿಗೆ ಹಾಕಬೇಕು. ತಪ್ಪಿದರೆ ನೆರೆಮನೆಯವನು ಬಂದು ಮುಖದೆದುರಿಗೇ ಹೇಳುತ್ತಾನೆ. ಬೀದಿಯಲ್ಲಿ ಒಂದು ಬಂಡಿಯೂ ಇಲ್ಲದಿರುವಾಗಲೂ ಕೆಂಪು ದೀಪದ ಮುಂದೆ ಜನರು ಕಾದು ನಿಲ್ಲುತ್ತಾರೆ. ಮುಂಚಿತವಾಗಿ ಹೊತ್ತು ಗೊತ್ತುಮಾಡಿಕೊಳ್ಳದೆ ಗೆಳೆಯನ ಮನೆಗೂ ಹೋಗುವಂತಿಲ್ಲ. ಹೇಳದೆ ಬಂದ ಅತಿಥಿಗೂ ರೊಟ್ಟಿ ಬಡಿಸುವ, ಅಪರಿಚಿತನನ್ನೂ “ಊಟ ಆಯಿತೇ?” ಎಂದು ವಿಚಾರಿಸುವ ನಾಡಿನಿಂದ ಹೋದವನು, ಇವರು ಹೃದಯವಿಲ್ಲದ ಜನರೆಂದು ಮೊದಲ ವಾರದಲ್ಲಿಯೇ ನಿರ್ಣಯಿಸಿಬಿಡುತ್ತಾನೆ.

ಈ ನಿರ್ಣಯವು ಸುಳ್ಳಲ್ಲ, ಅಪೂರ್ಣ. ಗೊತ್ತಾದ ಹೊತ್ತಿಗೆ ಹೋದವನಿಗೆ ಅಧ್ಯಾಪಕರು ಆ ಹೊತ್ತನ್ನು ಪೂರ್ತಿಯಾಗಿ ಕೊಡುತ್ತಾರೆ. ನಡುವೆ ಮತ್ತೊಬ್ಬರು ನುಗ್ಗುವುದಿಲ್ಲ. ತಪ್ಪನ್ನು ಮುಚ್ಚಿಟ್ಟು ನಯವಾಗಿ ನಗುವುದಕ್ಕಿಂತ ಎದುರಿಗೆ ಹೇಳುವುದನ್ನೇ ಅಲ್ಲಿ ಗೌರವವೆಂದು ಭಾವಿಸುವವರು ಬಹಳ. ಉಪನ್ಯಾಸವು ಮುಗಿದೊಡನೆ ವಿದ್ಯಾರ್ಥಿಗಳೆಲ್ಲರೂ ಬೆರಳಗೆಣ್ಣುಗಳಿಂದ ಮೇಜನ್ನು ಬಡಿಯುವುದನ್ನು ಕೇಳಿ ಹೊಸಬನು ಬೆಚ್ಚುತ್ತಾನೆ. ಅದು ಅಲ್ಲಿಯ ಚಪ್ಪಾಳೆಯೆಂದು ಆಮೇಲೆ ತಿಳಿಯುತ್ತದೆ. ಪ್ರೀತಿಯೂ ಆದರವೂ ಎಲ್ಲೆಡೆಯೂ ಇವೆ. ಅವುಗಳ ಗುರುತು ಮಾತ್ರ ಬೇರೆ.

ಭಾಷೆಯಲ್ಲಿಯೂ ಹೀಗೆಯೇ. ನೀನು, ನೀವು ಎಂಬ ಭೇದವು ಜರ್ಮನ್ ಭಾಷೆಯಲ್ಲಿಯೂ ಇರುವುದರಿಂದ ಕನ್ನಡಿಗನಿಗೆ ಅದನ್ನು ಕಲಿಸಬೇಕಾಗಿಲ್ಲ. ಆದರೆ ಹುಡುಗಿಯೆಂಬ ಅರ್ಥದ ಶಬ್ದವು ಅಲ್ಲಿ ನಪುಂಸಕಲಿಂಗವೆಂದು ಓದಿ ಅವನು ನಗುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ತನ್ನ ಸೀಮೆಯ ಆಡುಮಾತಿನಲ್ಲಿಯೂ ಹೆಣ್ಣುಮಗಳನ್ನು ‘ಅದು ಬಂತು’ ಎಂದೇ ಹೇಳುವುದುಂಟೆಂಬುದು ನೆನಪಿಗೆ ಬಂದು ನಗೆ ನಿಲ್ಲುತ್ತದೆ. ಜರ್ಮನರಲ್ಲಿ ಅದು ವ್ಯಾಕರಣದ ನಿಯಮ. ಇಲ್ಲಿ ಅದು ಯಾವುದರ ನಿಯಮ?

ಪರಭಾಷೆಯಲ್ಲಿ ಕಲಿತು ಸ್ವಭಾಷೆಯಲ್ಲಿ ಬಾಳುವುದು ಸುರಪುರ ಸೀಮೆಗೆ ಹೊಸದಲ್ಲ. 1948ರ ವರೆಗೆ ಈ ಪ್ರದೇಶವು ನಿಜಾಮರ ಸಂಸ್ಥಾನದಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆ ಉರ್ದುವಾಗಿತ್ತು. ಉರ್ದು ಕಲಿತವರು ಕನ್ನಡಿಗರಾಗಿಯೇ ಉಳಿದರು. ಎದುರು ದಾರಿಯಲ್ಲಿ ನಡೆದು ಬಂದವರೂ ಇದ್ದಾರೆ. ಜರ್ಮನಿಯ ಫರ್ಡಿನಾಂಡ್ ಕಿಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡ ನಾಡಿಗೆ ಬಂದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ 1894ರಲ್ಲಿ ಮಹಾನಿಘಂಟನ್ನೂ ಪ್ರಕಟಿಸಿದರು. ಅವರು ತಮ್ಮ ಮತವನ್ನು ಬಿಡಲಿಲ್ಲ. ಆದರೆ ಈ ನಾಡಿನ ಮಾತಿನ ಮುಂದೆ ದಶಕಗಳ ಕಾಲ ಶಿಷ್ಯರಾಗಿ ಕುಳಿತರು. ಹೊಂದಿಕೆಯೆಂದರೆ ತನ್ನನ್ನು ಅಳಿಸಿಕೊಳ್ಳುವುದಲ್ಲ, ಕಲಿಯುವುದಕ್ಕೆ ಬೇಕಾದಷ್ಟು ತಗ್ಗುವುದು ಎಂಬುದಕ್ಕೆ ಇದೇ ನಿದರ್ಶನ.

ಇನ್ನು ಅಡಿಗೆಮನೆಯ ಮಾತು. ಅಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿ ಅನೇಕ ದೇಶದವರಿಗೆ ಒಂದೇ ಅಡಿಗೆಮನೆ. ಎಲ್ಲರ ಪಾತ್ರೆಗಳೂ ಒಂದೇ ಕಪಾಟಿನಲ್ಲಿ. ಒಂದೇ ಊರಿನಿಂದ ಇಬ್ಬರು ಹೋದರೆಂದು ಭಾವಿಸಿದರೆ, ಇಬ್ಬರಿಗೂ ಆಗುವ ಮೊದಲ ಅನುಭವ ಒಂದೇ ಅಲ್ಲ. ಮನೆತನದ ಹೆಸರು ಹೇಳಿದೊಡನೆ ಜಗುಲಿಯ ಮೇಲೆ ಮಣೆ ಸಿಕ್ಕುತ್ತಿದ್ದವನು, ಇಲ್ಲಿ ತನ್ನನ್ನು ಯಾರೂ ಗುರುತಿಸುವುದಿಲ್ಲವೆಂದು ಕೊರಗುತ್ತಾನೆ. ಯಾವನ ಅಜ್ಜಿಗೆ ಬೊಗಸೆಯಲ್ಲಿ ಮೇಲಿನಿಂದ ನೀರು ಹೊಯ್ಯುತ್ತಿದ್ದರೋ ಅವನು, ಯಾರೂ ಗುರುತಿಸದಿರುವುದರಿಂದಲೇ ಹಗುರಾಗಿ ಉಸಿರಾಡುತ್ತಾನೆ. ಒಬ್ಬನಿಗೆ ಕೊರೆತವಾದ ಚಳಿ ಮತ್ತೊಬ್ಬನಿಗೆ ತಂಪು.

ಹಾಗಾದರೆ ಪರನಾಡಿನದೆಲ್ಲವೂ ಗ್ರಾಹ್ಯವೋ ಎಂಬ ಶಂಕೆ ಹುಟ್ಟಬಹುದು. ಇದಕ್ಕೆ ಉತ್ತರವು ಬರ್ಲಿನ್ನಿನಲ್ಲಿಯೇ ದೊರೆಯುತ್ತದೆ. 1920ರ ದಶಕದ ಕೊನೆಯಲ್ಲಿ ಪುಣೆಯ ಇರಾವತಿ ಕರ್ವೆಯವರು ಅಲ್ಲಿಯ ಮಾನವಶಾಸ್ತ್ರ ಸಂಸ್ಥೆಯಲ್ಲಿ ಯೂಜೆನ್ ಫಿಶರರ ಕೈಕೆಳಗೆ ಸಂಶೋಧನೆ ನಡೆಸಿದರು. ಡಾಕ್ಟರ್ ಪದವಿಗೆ ಮಾರ್ಗದರ್ಶನ ಮಾಡುವ ಗುರುವನ್ನು ಜರ್ಮನ್ ಭಾಷೆಯಲ್ಲಿ ತಂದೆಯೆಂದೇ ಕರೆಯುತ್ತಾರೆ. ತಲೆಬುರುಡೆಯ ಎಡಬಲಗಳ ವ್ಯತ್ಯಾಸದಲ್ಲಿ ಬಿಳಿಯರ ಬುದ್ಧಿಯ ಮೇಲ್ಮೆಯು ಕಾಣಬೇಕೆಂಬುದು ಆ ಗುರುವಿನ ಊಹೆ. ಶಿಷ್ಯೆಯು ಅಲ್ಲಿಯ ಭಾಷೆಯನ್ನೂ ಅಳತೆಯ ಕ್ರಮವನ್ನೂ ಶ್ರದ್ಧೆಯಿಂದ ಕಲಿತರು. ಅದೇ ಕ್ರಮದಿಂದ ಅಳೆದು, ಆ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಬರೆದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಫಿಶರರು ಬರ್ಲಿನ್ ವಿಶ್ವವಿದ್ಯಾಲಯದ ರೆಕ್ಟರ್ ಆದರು. ಹೊತ್ತಿಗೆ ಸರಿಯಾಗಿ ನಡೆಯುವ, ನಿಯಮವನ್ನು ಮೀರದ ಜನರಲ್ಲಿಯೇ ಆ ಘೋರವೂ ನಡೆಯಿತೆಂಬುದನ್ನು ಶಿಸ್ತನ್ನು ಹೊಗಳುವವರು ಮರೆಯಲಾಗದು. ಜರ್ಮನರೂ ಅದನ್ನು ತಮ್ಮ ಮಕ್ಕಳಿಗೆ ಶಾಲೆಗಳಲ್ಲಿ ಕಲಿಸುತ್ತಾರೆ.

ಕರ್ವೆಯವರು 1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದರು. ಅದೇ ಸಂಸ್ಥೆಯ ಕೆ. ಪದ್ದಯ್ಯನವರು ಮುಂದೆ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಾಯುಧಗಳ ಕಮ್ಮಟವನ್ನು ಅಗೆದು ತೆಗೆದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜು. ಆ ಕಲ್ಲುಗಳನ್ನು ಒಡೆದು ಹದಮಾಡಿದ ಕೈಗಳಿಗೆ ಕುಲವೂ ಇರಲಿಲ್ಲ, ದೇಶವೂ ಇರಲಿಲ್ಲ.

ಆದುದರಿಂದ ಆಚಾರದಲ್ಲಿ ಹೊಂದಿಕೊಳ್ಳುವುದು ಸೌಜನ್ಯ, ಅಭ್ಯಾಸಕ್ರಮದಲ್ಲಿ ಹೊಂದಿಕೊಳ್ಳುವುದು ವಿದ್ಯೆ, ವಿವೇಕವನ್ನೇ ಒಪ್ಪಿಸಿಬಿಡುವುದು ಅಧೀನತೆ. ಈ ನಿಯಮವು ಪರದೇಶಕ್ಕೆ ಮಾತ್ರವಲ್ಲ, ಸ್ವದೇಶಕ್ಕೂ ಸಲ್ಲುತ್ತದೆ. ಪರನಾಡಿನಲ್ಲಿ ಹತ್ತು ದೇಶದವರೊಡನೆ ಒಂದೇ ಕಪಾಟಿನಲ್ಲಿ ಪಾತ್ರೆಯಿಟ್ಟವನು, ಊರಿಗೆ ಮರಳಿದ ಮೇಲೆ ಹೊಲದ ಆಳಿಗೆ ಬೇರೆ ಲೋಟವನ್ನಿಡುವುದನ್ನು ಕಂಡು ಸುಮ್ಮನಿದ್ದರೆ, ಅವನು ಅಲ್ಲಿ ಕಲಿತುದೂ ಹೊಂದಿಕೆಯಲ್ಲ, ಇಲ್ಲಿ ತೋರಿಸಿದುದೂ ಹೊಂದಿಕೆಯಲ್ಲ, ಎರಡೂ ಅಧೀನತೆಯೇ. ಪರದೇಶದ ವಿದ್ಯೆಗೆ ಕೊನೆಯ ಪರೀಕ್ಷೆ ನಡೆಯುವುದು ಸ್ವಂತ ಮನೆಯ ಅಡಿಗೆಮನೆಯಲ್ಲಿ.