ತಳದ ದನಿ ಯಾರದು?

"ಬಾರ್ಸದ್ನ ಬುಡಾಕೆ ನಾವು ಏಟು ತಿಂದೊ. ನೀನು ಓದ್ಬಂದು ತಿರುಗಾ ಬಾರ್ಸಕ್ ನಿಂತ್ಯಲ್ಲ ಮಗ, ಯಾಕ?"

ನಾಲ್ಕು ತಂತಿಯ ಬೇಸ್ ಗಿಟಾರನ್ನು ಹೆಗಲಿಗೆ ನೇತುಹಾಕಿಕೊಂಡು ಊರಿಗೆ ಹೋದ ದಿನ ಅಪ್ಪ ಕೇಳಿದ ಪ್ರಶ್ನೆ ಇದು. ಆವತ್ತು ಉತ್ತರ ಹೊಳೆಯಲಿಲ್ಲ. ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಗೆಳೆಯರೇ, ಈ ಬರಹ ಆ ಹುಡುಕಾಟದ ಲೆಕ್ಕ.

ನಮ್ಮದು ತಮಟೆಯ ಮನೆ. ತಾತ ಬಾರಿಸಿದ, ಅಪ್ಪ ಬಾರಿಸಿದ. ಊರಲ್ಲಿ ಯಾರ ಹೆಣ ಎದ್ದರೂ, ಹಬ್ಬದಲ್ಲಿ ದೇವರು ಹೊರಟರೂ ಕೇರಿಗೆ ಆಳು ಬರುತ್ತಿತ್ತು. 'ಬರಲ್ಲ' ಅನ್ನುವ ಮಾತೇ ಇರಲಿಲ್ಲ. ಹುಲ್ಲಿನ ಬೆಂಕಿಗೆ ಚರ್ಮ ಹಿಡಿದು, ಕಾಯಿಸಿ, ಬಿಗಿ ಮಾಡಿಕೊಂಡು ಮೆರವಣಿಗೆಯ ಮುಂದೆ ನಡೆಯಬೇಕು. ದೇವರ ಮುಂದೆ ಊರೆಲ್ಲ ಸುತ್ತಿದವನು ಗುಡಿಯ ಹೊಸ್ತಿಲ ಆಚೆಗೇ ನಿಲ್ಲಬೇಕು. ಕೂಲಿ ಅಂದರೆ ಒಂದು ಮೊರ ರಾಗಿ, ಮೇಲಿಂದ ಸುರಿದ ಸಾರು. 1988ರಲ್ಲಿ ಸಂಘದ ಹುಡುಗರು ಕೇರಿಗೆ ಬಂದು ರಾತ್ರಿ ಸಭೆ ಮಾಡಿದರು. ಅಪ್ಪನಿಗೆ ಆಗ ಹದಿನೆಂಟು. ಮುಂದಿನ ಹಬ್ಬಕ್ಕೆ ಕೇರಿಯವರು ಯಾರೂ ತಮಟೆ ಮುಟ್ಟಲಿಲ್ಲ. ಎರಡು ತಿಂಗಳು ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಅಪ್ಪನ ಬೆನ್ನ ಮೇಲೆ ಆ ಕಾಲದ ಗುರುತೊಂದು ಇನ್ನೂ ಇದೆ. ತಮಟೆ ಸುಮ್ಮನಾದದ್ದಕ್ಕೇ ನಾನು ಡಿಗ್ರಿ ತನಕ ಓದಿದ್ದು.

ಹಾಗಾಗಿ ಅಪ್ಪನ ಪ್ರಶ್ನೆ ನನ್ನ ಶೋಕಿಯ ಬಗ್ಗೆ ಅಲ್ಲ. ಬೇಸ್ ಗಿಟಾರ್ ನುಡಿಯುವುದು ಹಾಡಿನ ತಳದಲ್ಲಿ. ಬಲವಂತವಾಗಿ ತಳದಲ್ಲಿ ಇಟ್ಟಿದ್ದ ಜನರ ಮಗ ತಾನಾಗಿಯೇ ತಳವನ್ನು ಆರಿಸಿಕೊಂಡರೆ ಅದು ಸ್ವಾತಂತ್ರ್ಯವೋ, ಇಲ್ಲ ರಕ್ತಕ್ಕಿಳಿದ ಚಾಕರಿಯೋ?

ವಾದ್ಯ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಹೊತ್ತು ತಿರುಗುವುದು ಕಷ್ಟ, ಗದ್ದಲದಲ್ಲಿ ಕೇಳುವುದೂ ಕಷ್ಟ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಮಾರಲು ತೊಡಗಿದ ಮೇಲೆ ಹೆಗಲಿಗೆ ಹಾಕಿಕೊಂಡು ಕರೆಂಟಿನಲ್ಲಿ ನುಡಿಸುವ ಬೇಸ್ ಎಲ್ಲ ಕಡೆ ಹರಡಿತು. ತಂತಿ ನಾಲ್ಕು: ಇ, ಎ, ಡಿ, ಜಿ. ಗಿಟಾರಿನ ದಪ್ಪ ತಂತಿಗಳ ಸ್ವರಗಳೇ, ಆದರೆ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಂತಿ ಮಿಡಿಯುವ ಉದ್ದ 34 ಅಂಗುಲ. ಸಾಮಾನ್ಯ ಗಿಟಾರಿನದು 25ರ ಆಸುಪಾಸು. ಮೊದಲ ಮೂರು ತಿಂಗಳು ಬೆರಳ ತುದಿಯೆಲ್ಲ ಬೊಬ್ಬೆ. ಅವ್ವನ ಕಳೆ ಕೀಳುವ ಕೈ ನೋಡಿದವನಿಗೆ ಅದನ್ನು ನೋವು ಅನ್ನಲು ನಾಚಿಕೆ.

ನನ್ನದು ಇಬ್ಬರ ಕೈ ದಾಟಿ ಬಂದ ವಾದ್ಯ. ಏಳು ಸಾವಿರ ರೂಪಾಯಿ, ಮೂರು ಕಂತು. ವೈರು ಸಿಕ್ಕಿಸುವ ಕಡೆ ಬೆಸುಗೆ ಬಿಟ್ಟು ಗೊರಗೊರ ಅನ್ನುತ್ತಿತ್ತು. ರೇಡಿಯೋ ರಿಪೇರಿಯವನು ಸರಿ ಮಾಡಿಕೊಟ್ಟ. ಹೊಸ ತಂತಿಗೆ ದುಡ್ಡಿಲ್ಲದಾಗ ಹಳೆಯದನ್ನೇ ಬಿಚ್ಚಿ ನೀರಲ್ಲಿ ಕುದಿಸುತ್ತೇನೆ. ಬೆರಳಿನ ಜಿಡ್ಡು ಬಿಟ್ಟು ಕೆಲವು ದಿನ ಮತ್ತೆ ಗಣಗಣ ಅನ್ನುತ್ತವೆ. ಅಪ್ಪ ತಮಟೆ ಕಾಯಿಸುತ್ತಿದ್ದ, ನಾನು ತಂತಿ ಬೇಯಿಸುತ್ತೇನೆ.

ನಾವು ನಾಲ್ಕು ಜನ. ಹಾಡುವವಳು ಒಬ್ಬಳು, ಗಿಟಾರಿನವನು, ಡ್ರಮ್ಸಿನವನು, ನಾನು. ಹೊಟ್ಟೆಪಾಡಿಗೆ ಎಲ್ಲರಿಗೂ ಬೇರೆ ಕೆಲಸ. ಬೆಂಗಳೂರಿನ ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಭಾನುವಾರ ಸಂಜೆ ತಾಲೀಮು. ಗೋಡೆಗೆ ಹಳೆ ಹಾಸಿಗೆ, ಗೋಣಿಚೀಲ ಹೊಡೆದಿದ್ದೇವೆ. ಗಿಟಾರಿನ ಸದ್ದು ಗೋಣಿಯಲ್ಲೇ ಉಡುಗಿ ಹೋಗುತ್ತದೆ, ಗೋಡೆ ದಾಟುವುದು ನನ್ನದು ಮಾತ್ರ. ಪಕ್ಕದ ಮನೆಯವರು ಜಗಳಕ್ಕೆ ಬಂದರೆ ಬೆರಳು ತೋರಿಸುವುದು ನನ್ನ ಆಂಪ್ಲಿಫೈಯರಿನ ಕಡೆಗೆ. ಆದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಊರಿಗೆ ಕಳಿಸಿದಾಗ ಅವ್ವ ಅಂದಳು: "ಎಲ್ಲಾರ್ದೂ ಕೇಳ್ತದ ಮಗ, ನಿಂದೇ ಕೇಳದಿಲ್ವಲ್ಲ." ಮೊಬೈಲಿನ ಬೊಟ್ಟಿನಗಲದ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಜಗಳಕ್ಕೆ ಸಿಕ್ಕುವ ನನ್ನ ಸದ್ದು ಮೆಚ್ಚುಗೆಗೆ ಸಿಕ್ಕುವುದಿಲ್ಲ. ಕೇರಿಯಲ್ಲಿ ಹುಟ್ಟಿದವನಿಗೆ ಇದು ಹೊಸದೇನಲ್ಲ.

ಮನುಷ್ಯನ ಕಿವಿಯೂ ಹಾಗೇ. ತಗ್ಗಿನ ಸ್ವರಗಳನ್ನು ಅದು ಕಡಿಮೆ ಗ್ರಹಿಸುತ್ತದೆ. ಮೇಲಿನ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಕೆಳಗಿನ ಸ್ವರಕ್ಕೆ ಹೆಚ್ಚು ಶಕ್ತಿ ಬೇಕು. ಅದಕ್ಕೇ ಬೇಸಿನ ಆಂಪ್ಲಿಫೈಯರಿಗೆ ಹೆಚ್ಚು ವ್ಯಾಟು, ದೊಡ್ಡ ಸ್ಪೀಕರು, ಹೊರಲಾರದ ಭಾರ. ಇದನ್ನು ಓದಿದ ದಿನ ಸಮಾಜವನ್ನೇ ಓದಿದ ಹಾಗಾಯಿತು. ಆದರೆ ಹೋಲಿಕೆಗಳು ಮೋಸ ಮಾಡುತ್ತವೆ. ಕಿವಿಯ ಮಿತಿ ಪ್ರಕೃತಿಯದು, ಅದಕ್ಕೆ ಯಾರೂ ಹೊಣೆಯಲ್ಲ. ಸಮಾಜದ ಕಿವುಡು ಮನುಷ್ಯರು ಮಾಡಿದ್ದು. ಇದನ್ನೂ ಪ್ರಕೃತಿ ಅಂದುಬಿಟ್ಟರೆ ಪುರೋಹಿತಶಾಹಿಯ ಮಾತನ್ನೇ ನಾವು ಹೇಳಿದ ಹಾಗೆ.

ಅವ್ವನ ಮಾತು ಹೇಳಿದಾಗ ಗಿಟಾರಿನ ಗೆಳೆಯ ಸಮಾಧಾನ ಮಾಡಿದ: "ನೀನು ಅಡಿಪಾಯ ಕಣೋ. ಅಡಿಪಾಯ ಕಾಣಲ್ಲ, ಅದಿಲ್ದೆ ಮನೆ ನಿಲ್ಲಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೂ ನನಗೆ ಮೈ ಉರಿಯಿತು. ಈ ಹೊಗಳಿಕೆಯನ್ನು ನಮ್ಮ ಜನ ಬಹಳ ಹಿಂದಿನಿಂದ ಕೇಳುತ್ತಿದ್ದಾರೆ. ಪುರುಷಸೂಕ್ತ ಶೂದ್ರನನ್ನು ಪಾದದಿಂದ ಹುಟ್ಟಿಸಿತು. ನಮಗೆ ಆ ದೇಹದಲ್ಲಿ ಜಾಗವೇ ಇಲ್ಲ. ಕೇಳಿದರೆ 'ಪಾದವೇನು ಕೀಳೇ, ದೇಹ ಹೊರುವುದೇ ಅದಲ್ಲವೇ' ಎಂದು ಬುದ್ಧಿ ಹೇಳುವ ಪಂಡಿತರಿದ್ದಾರೆ. ಗಾಂಧೀಜಿ ಮಲ ಬಳಿಯುವ ಕೆಲಸವನ್ನು ಪವಿತ್ರ ಸೇವೆ ಎಂದು ಕೊಂಡಾಡಿದರು. 'ಅಸ್ಪೃಶ್ಯರಿಗೆ ಕಾಂಗ್ರೆಸ್ ಮತ್ತು ಗಾಂಧಿ ಮಾಡಿದ್ದೇನು' ಎಂಬ 1945ರ ಪುಸ್ತಕದಲ್ಲಿ ಬಾಬಾಸಾಹೇಬರು ಆ ಕೊಂಡಾಟವನ್ನು ಕಟುವಾಗಿ ತಿರಸ್ಕರಿಸಿದರು. 1993ರಲ್ಲೊಂದು, 2013ರಲ್ಲಿ ಇನ್ನೊಂದು ಕಾಯ್ದೆ ಬಂದ ಮೇಲೂ ಗುಂಡಿಗಿಳಿದು ಸತ್ತವರು ಯಾರ ಮಕ್ಕಳು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಳದಲ್ಲಿರುವವನನ್ನು ಹೊಗಳುವುದು ಅವನನ್ನು ಅಲ್ಲೇ ಇಡುವ ಅಗ್ಗದ ಉಪಾಯ.

ಹಾಗಾದರೆ ತಳವೇ ಕೀಳೋ? ಇಲ್ಲ. ಇದನ್ನು ನನಗೆ ಕಲಿಸಿದ್ದು ವಾದ್ಯವೇ. ಗಿಟಾರಿನವನು ಸಿ, ಇ, ಜಿ ಎಂಬ ಮೂರು ಸ್ವರಗಳನ್ನು ಒಟ್ಟಿಗೆ ಮೀಟುತ್ತಾನೆ ಅನ್ನಿ. ಕೆಳಗೆ ನಾನು ಸಿ ನುಡಿಸಿದರೆ ಅದು ಸಿ ಮೇಜರ್, ಬೆಳಗಿನ ಬಿಸಿಲಿನಂಥದು. ಅವನು ಬೆರಳು ಕದಲಿಸದೆ ಅದನ್ನೇ ಮೀಟುತ್ತಿರುವಾಗ ನಾನು ಎ ಸ್ವರಕ್ಕಿಳಿದರೆ ಅದು ಎ ಮೈನರ್ ಸೆವೆನ್ ಆಗುತ್ತದೆ, ಮುಸ್ಸಂಜೆ ಕವಿಯುತ್ತದೆ. ಮೇಲಿನವರು ಏನನ್ನೂ ಬದಲಿಸಿಲ್ಲ. ಅವರು ನುಡಿದದ್ದಕ್ಕೆ ಅರ್ಥ ಯಾವುದು ಎಂದು ತೀರ್ಮಾನಿಸಿದ್ದು ತಳ. ಅಡಿಪಾಯದ ಕಲ್ಲಿಗೆ ಈ ಶಕ್ತಿ ಇಲ್ಲ, ಅದು ಹೊರುತ್ತದೆ ಅಷ್ಟೆ. ಬೇಸ್ ನುಡಿಸುವವನು ಕಲ್ಲಲ್ಲ, ಅವನು ಕದಲಬಲ್ಲ.

ಆದರೆ ಶಕ್ತಿಯೊಂದೇ ಸಾಲದು, ಹೆಸರೂ ಬೇಕು. ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ಕಲಾವಿದನ ಕತೆ ಕೇಳಿ. 1936ರಲ್ಲಿ ಅಮೆರಿಕದ ದಕ್ಷಿಣದಲ್ಲಿ ಹುಟ್ಟಿ ಡೆಟ್ರಾಯಿಟ್ ನಗರಕ್ಕೆ ಬಂದವನು. ಅರವತ್ತರ ದಶಕದಲ್ಲಿ ಮೋಟೌನ್ ಕಂಪನಿಯಿಂದ ಬಂದ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳ ತಳ ಅವನದು, ಅದೂ ಬಲಗೈಯ ಒಂದೇ ಬೆರಳಿನಲ್ಲಿ ಮೀಟಿದ್ದು. ಲೋಕವೆಲ್ಲ ಆ ಹಾಡಿಗೆ ಕುಣಿಯಿತು. ರೆಕಾರ್ಡಿನ ಹೊದಿಕೆಯ ಮೇಲೆ ಹಾಡಿದವರ ಹೆಸರಿತ್ತು, ನುಡಿಸಿದವರದು ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಅವನ ಹೆಸರು ಅಚ್ಚಾಯಿತು. 1983ರಲ್ಲಿ, 47ನೇ ವಯಸ್ಸಿಗೆ ಅವನು ತೀರಿಕೊಂಡ. ನೆನಪಿಡಿ, ಆ ಕಂಪನಿ ಕಟ್ಟಿದ ಬೆರ್ರಿ ಗಾರ್ಡಿ ಬಿಳಿಯನಲ್ಲ, ಕಪ್ಪು ಮನುಷ್ಯನೇ. ಹೆಸರು ನುಂಗುವುದಕ್ಕೆ ಬೇರೆ ಜಾತಿಯವನೇ ಬೇಕಾಗಿಲ್ಲ.

ನಮ್ಮ ತಂಡದಲ್ಲೂ ಒಂದು ಜಗಳ ನಡೆಯಿತು. ಒಂದು ಕಾರ್ಯಕ್ರಮದ ಭಿತ್ತಿಪತ್ರದಲ್ಲಿ ಹಾಡುವವಳ ಹೆಸರು, ಗಿಟಾರಿನವನ ಹೆಸರು, ಕೆಳಗೆ 'ಮತ್ತು ತಂಡ'. ಎಂಟು ತಿಂಗಳಿಂದ ಆಂಪ್ಲಿಫೈಯರನ್ನು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದವನು ನಾನೊಬ್ಬನೇ. ಆ ಭಾನುವಾರ ವೈರು ಕಿತ್ತು ಸುಮ್ಮನೆ ಕೂತೆ. ಅವರು ನಾನಿಲ್ಲದೆ ಶುರು ಮಾಡಿದರು. ಎರಡನೇ ಚರಣಕ್ಕೆ ಹಾಡುವವಳು ನಿಲ್ಲಿಸಿ, "ಕಾಲಡಿ ನೆಲವೇ ಇಲ್ಲ ಅನ್ನಿಸ್ತಿದೆ" ಅಂದಳು. ರಾತ್ರಿ ಹನ್ನೊಂದರ ತನಕ ಮಾತಾಡಿದೆವು. ಎಲ್ಲರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ, ಆಂಪ್ಲಿಫೈಯರ್ ಹೊರುವುದು ಪಾಳಿಯ ಮೇಲೆ ಎಂದು ತೀರ್ಮಾನವಾಯಿತು. ಗೆದ್ದೆ ಅಂದುಕೊಂಡೆ.

2018ರ ಜನವರಿಯಲ್ಲಿ ಚೆನ್ನೈನ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಗಾನಾ ಹಾಡು, ಪರೈ, ಗಿಟಾರುಗಳನ್ನು ಒಂದೇ ವೇದಿಕೆಗೆ ತಂದಿತ್ತು. ಅದರ ಹಾಡು ಕೇಳಿದಾಗಿನಿಂದ ನಮ್ಮಲ್ಲೂ ತಮಟೆ ಇರಬೇಕು ಅನ್ನುವ ಆಸೆ ನನ್ನದು. ಅಂಬೇಡ್ಕರ್ ಜಯಂತಿಯ ಕಾರ್ಯಕ್ರಮಕ್ಕೆ ನಮ್ಮ ಕೇರಿಯ ಒಬ್ಬ ಹುಡುಗನನ್ನು ಕರೆಸಿದೆ. ಅಪ್ಪನೂ ಜೊತೆಗೆ ಬಂದ. ಶುರುವಾಗುವ ಮುಂಚೆ ನಾನು ದಪ್ಪ ತಂತಿ ಮೀಟಿದೆ. ಅಪ್ಪ ಸ್ಪೀಕರಿನ ಪೆಟ್ಟಿಗೆ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ.

"ಎದೆಗೇ ಬಡೀತದ. ಬ್ಯಾಡ ಅನ್ನಿಸ್ದ ದಿನ ನಿಲ್ಲಿಸ್ಬೌದಾ?"

"ನಿಲ್ಸಬೋದು ಕಣಪ್ಪ. ಒಂದಿನ ನಿಲ್ಸಿದ್ದೆ."

"ಏಟು ಬಿದ್ದದಾ?"

"ಇಲ್ಲ."

"ಹಂಗಾರೆ ಇದು ಬ್ಯಾರೆ."

ನನ್ನ ಎರಡು ವರ್ಷದ ಹುಡುಕಾಟಕ್ಕೆ ಅಕ್ಷರ ಬಾರದ ಅಪ್ಪ ಎರಡು ನಿಮಿಷದಲ್ಲಿ ಒರೆಗಲ್ಲು ಕೊಟ್ಟಿದ್ದ. ತಳದಲ್ಲಿ ನಿಂತವನು ಬೇಡ ಎಂದು ನಿಲ್ಲಿಸಬಲ್ಲನೇ? ನಿಲ್ಲಿಸಿದರೆ ಏಟು ಬೀಳದೆ ಇರುತ್ತದೆಯೇ? ಇವೆರಡೂ ಇದ್ದರೆ ತಳ ಒಂದು ಜಾಗ. ಇಲ್ಲದಿದ್ದರೆ ಅದು ಜೀತ, ಎಷ್ಟೇ ಹೊಗಳಿ. ಅಪ್ಪ ಆವತ್ತು ಬಿಟ್ಟದ್ದು ತಮಟೆಯನ್ನಲ್ಲ, 'ಬರಲ್ಲ' ಅನ್ನಲಾಗದ ಸ್ಥಿತಿಯನ್ನು.

ಆಮೇಲೆ ಅಪ್ಪ ಗೋಡೆಯ ಭಿತ್ತಿಪತ್ರ ತೋರಿಸಿ, "ನಮ್ ಉಡುಗನ್ ಹೆಸ್ರು ಎಲ್ಲದ, ಓದು" ಅಂದ. ಓದಿದೆ. ನಮ್ಮ ನಾಲ್ವರ ಹೆಸರು ಒಂದೇ ಗಾತ್ರದಲ್ಲಿ ಇತ್ತು. ಕೆಳಗೆ: 'ತಮಟೆಯೊಂದಿಗೆ'. ಅಷ್ಟೇ. ಬರೆಸಿದವನು ನಾನೇ. ಹುಡುಗನ ಹೆಸರಿನ ಜಾಗದಲ್ಲಿ ವಾದ್ಯದ ಹೆಸರಿತ್ತು. ಬಸ್ ಚಾರ್ಜು, ಊಟ ಬಿಟ್ಟು ಅವನಿಗೆ ಇನ್ನೇನೂ ಗೊತ್ತು ಮಾಡಿರಲಿಲ್ಲ. ಓದಿದ ಅಣ್ಣ ಕರೆದಾಗ 'ಬರಲ್ಲ' ಅನ್ನಲು ಅವನಿಗೆ ಆಗುತ್ತಿತ್ತೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೊರದ ರಾಗಿಗೂ ನನ್ನ ಬಸ್ ಚಾರ್ಜಿಗೂ ಎಷ್ಟು ದೂರ?

ಆ ಸಂಜೆ ಪೆನ್ನಿನಲ್ಲಿ ಅವನ ಹೆಸರು ಬರೆದೆ. ಬಂದ ಹಣವನ್ನು ಐದು ಪಾಲು ಮಾಡಿದೆವು. ಮುಂದಿನ ತಾಲೀಮಿಗೆ ಬರುತ್ತೀಯಾ ಎಂದು ಕೇಳಿದೆ, ಇಷ್ಟವಿಲ್ಲದಿದ್ದರೆ ಬೇಡ ಅಂತಲೂ ಹೇಳಿದೆ. ಅವನು ನೆಲ ನೋಡುತ್ತಾ, "ನೋಡ್ತಿನಿ ಕಣಣ್ಣ" ಅಂದ. ಮೂರು ಭಾನುವಾರ ಆಯಿತು, ಅವನು ಬಂದಿಲ್ಲ. ಮೊದಲ ವಾರ ಬೇಸರವಾಗಿತ್ತು. ಈಗ ಅವನ ಜಾಗ ಖಾಲಿ ಬಿಟ್ಟು ತಾಲೀಮು ಮಾಡುತ್ತೇವೆ. ಅವನು ಬಂದರೆ ಸಂತೋಷ. ಬಾರದಿದ್ದರೆ ಅದೂ ಅವನ ಹಕ್ಕು, ಆ ಹಕ್ಕಿಗಾಗಿಯೇ ಅಪ್ಪ ಏಟು ತಿಂದದ್ದು.

ಗೆಳೆಯರೇ, ಶಾಲೆಯಲ್ಲಿ, ಸಂಘದಲ್ಲಿ, ಮೆರವಣಿಗೆಯಲ್ಲಿ ನಿಮ್ಮ ಹಾಡಿಗೂ ಒಂದು ತಳ ಇರುತ್ತದೆ. ಜಮಖಾನ ಹಾಸುವವರು, ಚಹ ಕಾಯಿಸುವವರು, ತಮಟೆ ಹಿಡಿದು ಬಿಸಿಲಲ್ಲಿ ಮುಂದೆ ನಡೆಯುವವರು. ಅವರನ್ನು ಹೊಗಳುವ ಮೊದಲು ಅಪ್ಪನ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿ.