ನೀರ ಹನಿಯೂ ತನ್ಮಯತೆಯೂ

ಕಲಾಕೃತಿಯೊಂದರ ಒಳಗೇ ಪ್ರೇಕ್ಷಕನನ್ನು ನಿಲ್ಲಿಸಿ, ಗೋಡೆಗಳ ಮೇಲೂ ನೆಲದ ಮೇಲೂ ಬೆಳಕಿನ ಹೂಗಳನ್ನು ಅರಳಿಸಿ, ಜಲಪಾತಗಳನ್ನು ಸುರಿಸಿ, ಅವನನ್ನು ಪ್ರಕೃತಿಯಲ್ಲಿ ಮುಳುಗಿಸಿದೆವೆಂದು ಹೇಳುವ ಪದ್ಧತಿ ಈಚಿನ ಕಲೋತ್ಸವಗಳಲ್ಲಿ ಪ್ರಬಲವಾಗಿರುವುದರಿಂದ, ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ ಪ್ರಶ್ನೆಯೊಂದು ಮತ್ತೆ ನಮ್ಮೆದುರು ನಿಂತಿದೆ: ತನ್ಮಯತೆಯೆಂಬುದು ಇಂದ್ರಿಯಗಳನ್ನು ಸುತ್ತುಗಟ್ಟಿ ಬಲಾತ್ಕಾರದಿಂದ ಬರಿಸಬಹುದಾದ ಸ್ಥಿತಿಯೆ, ಅಥವಾ ನೋಡುವವನ ಚಿತ್ತ ತಾನಾಗಿ ತಿಳಿಯಾದಾಗ ಒದಗುವ ಅನುಭವವೆ?

ಈ ಪ್ರಶ್ನೆಗೆ ನಿದರ್ಶನವೊಂದು ಜಪಾನಿನಲ್ಲಿದೆ. ಅಲ್ಲಿನ ಸೆತೊ ಒಳಗಡಲಿನ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಕ್ಕೊಮ್ಮೆ ಕಲೋತ್ಸವ ನಡೆಯುತ್ತ ಬಂದಿದೆ. ಮೊದಲ ಉತ್ಸವದ ವರ್ಷವೇ ತೆಶಿಮಾ ದ್ವೀಪದ ಗುಡ್ಡವೊಂದರ ಮೇಲೆ, ಊರವರ ನೆರವಿನಿಂದ ಮತ್ತೆ ಹಸನುಗೊಂಡ ಮೆಟ್ಟಿಲುಗದ್ದೆಗಳ ನಡುವೆ, ವಾಸ್ತುಶಿಲ್ಪಿ ರ್ಯುಎ ನಿಶಿಜಾವ ಮತ್ತು ಕಲಾವಿದೆ ರೇ ನೈತೊ ಸೇರಿ ರಚಿಸಿದ ಕಲಾಮಂದಿರ ತೆರೆಯಿತು. ಮಣ್ಣನ್ನು ದಿಬ್ಬವಾಗಿ ಪೇರಿಸಿ, ಅದರ ಮೈಮೇಲೆ ಕಾಂಕ್ರೀಟು ಹೊಯ್ದು, ಅದು ಗಟ್ಟಿಯಾದ ಬಳಿಕ ಒಳಗಿನ ಮಣ್ಣನ್ನು ಅಗೆದು ತೆಗೆದು ಮಾಡಿದ ಈ ಚಿಪ್ಪು, ಸುಮಾರು 60 ಮೀಟರು ಉದ್ದ, 40 ಮೀಟರು ಅಗಲವಿದ್ದೂ ಒಂದು ಕಂಬವನ್ನೂ ಆಶ್ರಯಿಸಿಲ್ಲ. ಮೇಲ್ಭಾಗದ ಎರಡು ದೊಡ್ಡ ತೆರಪುಗಳಿಂದ ಮಳೆಯೂ ಗಾಳಿಯೂ ಹಕ್ಕಿಯ ದನಿಯೂ ತಡೆಯಿಲ್ಲದೆ ಒಳಬರುತ್ತವೆ. ಪಾದರಕ್ಷೆ ಕಳಚಿ ಒಳಹೊಕ್ಕವನಿಗೆ ಮೊದಲು ಕಾಣುವುದು ಬರಿಯ ನೆಲ. ಆ ನೆಲದ ಸೂಕ್ಷ್ಮ ರಂಧ್ರವೊಂದರಿಂದ ನೀರು ಒಸರಿ, ಕೆಸುವಿನೆಲೆಯ ಮೇಲಿನ ಹನಿಯಂತೆ ಅಂಟದೆ ನಿಂತು, ಕಣ್ಣಿಗೆ ಕಾಣದ ಇಳಿಜಾರನ್ನು ತಾನೇ ಕಂಡುಕೊಂಡು ಜಾರಿ, ಇನ್ನೊಂದು ಹನಿಯನ್ನು ಮುಟ್ಟಿದೊಡನೆ ಅದರೊಳಗೊಂದಾಗಿ, ಕಡೆಗೆ ಮಡುವೊಂದನ್ನು ಸೇರುತ್ತದೆ. ನಡೆಯುವುದು ಇಷ್ಟೇ.

ಇದೂ ಕೃತಕವಲ್ಲವೆ ಎಂದು ಕೇಳಬಹುದು. ಅಹುದು, ನೀರು ಇಂಗದಂತೆ ನೆಲವನ್ನು ಸಿದ್ಧಪಡಿಸಿದವರು ಮನುಷ್ಯರೇ. ಆದರೆ ಕೃತಕವಾದುದೆಲ್ಲ ಅನುಕರಣವಲ್ಲ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎಂದುಕೊಳ್ಳುವಾಗ ನಮಗಾಗುವ ಪ್ರತೀತಿ ಸತ್ಯವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ ಎಂದು, ರಸವನ್ನು ಅನುಕರಣವೆಂದು ಬಗೆದ ಆಲಂಕಾರಿಕ ಶ್ರೀಶಂಕುಕನು ವಾದಿಸಿದನು. ಬೆಳಕಿನ ಜಲಪಾತಕ್ಕೆ ಈ ನ್ಯಾಯ ಚೆನ್ನಾಗಿ ಒಪ್ಪುತ್ತದೆ. ತೆಶಿಮಾದ ಹನಿಗೆ ಒಪ್ಪದು, ಏಕೆಂದರೆ ಅಲ್ಲಿ ಅನುಕರಣವೇ ಇಲ್ಲ, ನೀರು ನೀರಾಗಿಯೇ ಇದೆ. ಶಂಕುಕನ ಅನುಕರಣವಾದವನ್ನು ನಿರಾಕರಿಸಿದ ಆಲಂಕಾರಿಕ ಅಭಿನವಗುಪ್ತನು ರಸಾಸ್ವಾದದ ವಿಘ್ನಗಳನ್ನು ಎಣಿಸುತ್ತ, ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಅವುಗಳಲ್ಲೊಂದೆಂದು ಗಣಿಸಿ, ಅದರ ಪರಿಹಾರಕ್ಕೆ ಗೀತವಾದ್ಯಗಳೂ ಅಲಂಕೃತ ಮಂಟಪವೂ ನೆರವಾಗುವುವೆಂದು ಒಪ್ಪುತ್ತಾನೆ. ಆದುದರಿಂದ ಬಣ್ಣಬೆಳಕುಗಳ ಕೋಣೆಯನ್ನು ನಾನು ಹೀಗಳೆಯಲಾರೆ. ಅದು ಮಂಟಪದ ಕೆಲಸವನ್ನು ಮಾಡೀತು. ಆದರೆ ಮಂಟಪವೇ ನಾಟಕವೆಂದು ಬಗೆದು, ಕ್ಷಣಕ್ಷಣಕ್ಕೂ ಹೊಸ ಬೆರಗನ್ನು ಒಡ್ಡುತ್ತ ಸಹೃದಯನಿಗೆ ನಿಲ್ಲುವ ಎಡೆಯನ್ನೇ ಕೊಡದಿದ್ದರೆ, ಅವನು ಚಕಿತನಾದಾನೇ ಹೊರತು ತನ್ಮಯನಾಗಲಾರ.

ಇಷ್ಟಕ್ಕೆ ನಿಲ್ಲಿಸಿದ್ದರೆ ಮಾತು ಸುಲಭವಾಗುತ್ತಿತ್ತು. ಆದರೆ ಅದೇ ತೆಶಿಮಾದ ಪಶ್ಚಿಮದ ತುದಿಯಲ್ಲಿ 1990ರವರೆಗೆ ವರ್ಷಾನುಗಟ್ಟಲೆ ಕೈಗಾರಿಕೆಯ ವಿಷತ್ಯಾಜ್ಯವನ್ನು ಕಾನೂನುಬಾಹಿರವಾಗಿ ಸುರಿಯಲಾಗಿತ್ತು. ದ್ವೀಪವಾಸಿಗಳು ದೀರ್ಘಕಾಲ ಹೋರಾಡಿ 2000ದಲ್ಲಿ ಅದನ್ನು ತೆರವುಗೊಳಿಸುವ ಒಪ್ಪಂದವನ್ನು ಪಡೆದರು. ಸುಮಾರು 9 ಲಕ್ಷ ಟನ್ನು ತ್ಯಾಜ್ಯವನ್ನು ಹಡಗಿನಲ್ಲಿ ನೆರೆಯ ನಾವೊಶಿಮಾ ದ್ವೀಪಕ್ಕೆ ಸಾಗಿಸುವ ಕಾರ್ಯ ಮುಗಿದುದು 2017ರಲ್ಲಿ. ಎಂದರೆ, ಗುಡ್ಡದ ಮೇಲೆ ಜನ ನೀರ ಹನಿಯನ್ನು ನೋಡುತ್ತ ಮೌನವಾಗಿ ಕುಳಿತಿದ್ದ ಸುಮಾರು ಆರೂವರೆ ವರ್ಷ, ದ್ವೀಪದ ಇನ್ನೊಂದು ಅಂಚಿನಲ್ಲಿ ನಂಜುಗೂಡಿದ ಮಣ್ಣನ್ನು ಅಗೆದು ಹೊರಸಾಗಿಸಲಾಗುತ್ತಿತ್ತು. ಈ ಅರಿವು ರಸಕ್ಕೆ ವಿಘ್ನವೆ? ಅಲ್ಲವೆಂಬುದೇ ನನ್ನ ದೃಢವಾದ ಮತ. ವಿಘ್ನವೆನಿಸುವುದು ‘ನನ್ನ’ ಸುಖ, ‘ನನ್ನ’ ದುಃಖ. ಒಂದು ನೆಲದ ದುಃಖವನ್ನು ಅರಿಯುವುದು ಚಿತ್ತವನ್ನು ಕುಗ್ಗಿಸದೆ ಹಿಗ್ಗಲಿಸುತ್ತದೆ. ತ್ಯಾಜ್ಯ ಬಿದ್ದಿದ್ದ ಆ ಜಾಗದಲ್ಲಿ ದ್ವೀಪವಾಸಿಗಳು ತಮ್ಮ ಹೋರಾಟದ ಸಣ್ಣ ಸಂಗ್ರಹಾಲಯವೊಂದನ್ನು ಇಟ್ಟಿದ್ದಾರೆ; ಆ ರಾಶಿಯ ಒಂದು ಪದರವನ್ನೇ ಅಲ್ಲಿ ಕಾಯ್ದಿರಿಸಲಾಗಿದೆ. ಉತ್ಸವಕ್ಕೆಂದು ತೆಶಿಮಾಕ್ಕೆ ಹೋಗುವವರು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಗುಡ್ಡವನ್ನು ಹತ್ತಬೇಕೆಂಬುದು ನನ್ನ ಬಿನ್ನಹ.